ಅಳಿವೆ ದಾಟುವ ಮುನ್ನ

ಜೆಲ್ಲು ತಣ್ಣಗಿರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.
ಆದರೂ ಎಲ್ಲರಂತೆ ಶೇವಂತಿಯೂ ಬೆಚ್ಚಿದಳು.
ಹೊಟ್ಟೆಯ ಮೇಲೆ ಸೊಂಟದಿಂದ ಹತ್ತಿ ಬಂದ ಗೆರೆಗಳು,
ನೀರಿಳಿದ ಮೇಲೆ ಕಾಳಿಯ ಮರಳಲ್ಲಿ ಉಳಿಯುತ್ತವಲ್ಲ, ಅಂಥವು.
ಮೂವತ್ತೇಳು ವಾರ.
ಏಳನೆಯ ತಿಂಗಳವರೆಗೂ ಕೋಡಿಬಾಗದ ಸೇತುವೆಯ ಕೆಳಗೆ
ಸೊಂಟದುದ್ದ ನೀರಲ್ಲಿ ನಿಂತು
ಕಾಲ್ಬೆರಳಲ್ಲೇ ಖುಬೆ ಹುಡುಕಿದವಳು.

ಗುಂಡಿ ಒತ್ತಿದೆ. ಸದ್ದು ಬಂತು,
ಒದ್ದೆ ಬಟ್ಟೆಯನ್ನು ಯಾರೋ ಒಂದೇ ಸಮನೆ
ಕಲ್ಲಿಗೆ ಒಗೆಯುತ್ತಿರುವ ಹಾಗೆ.
ಹೊಕ್ಕುಳಬಳ್ಳಿಯ ಓಟ. ಪರದೆಯ ಮೇಲೆ ಸಾಲು ಗುಡ್ಡ.
ನಾನು ನೋಡುವುದು ಗುಡ್ಡದ ನೆತ್ತಿಯನ್ನಲ್ಲ,
ಎರಡು ಗುಡ್ಡಗಳ ನಡುವಿನ ತಗ್ಗನ್ನು.
ಪುಟ್ಟ ಎದೆ ಸುಧಾರಿಸಿಕೊಳ್ಳುವ ಆ ಅರೆಗಳಿಗೆಯಲ್ಲೂ
ನೆತ್ತರು ಮುಂದಕ್ಕೇ ಸಾಗುತ್ತಿರಬೇಕು,
ದೋಣಿಗೆ ಹುಟ್ಟು ಎತ್ತಿದ ಮೇಲೂ ಓಟ ಉಳಿಯುವಂತೆ.
ಇಲ್ಲಿ ಓಟ ಬೇಗ ಸಾಯುತ್ತಿತ್ತು.

ಕೈ ಸರಿಸಿ ತಲೆಯ ನಾಳ ಹುಡುಕಿದೆ.
ಅಲ್ಲಿ ಮಾತ್ರ ಧಾರಾಳ.
ಕೈಕಾಲಿಗೆ ಕಡಿಮೆ ಮಾಡಿ, ಹೊಟ್ಟೆಗೆ ನಾಳೆ ಎಂದು ಹೇಳಿ,
ಮಿದುಳಿಗೆ ಮೊದಲ ತುತ್ತು ಬಡಿಸುತ್ತಿತ್ತು ಕೂಸು.
ತಿಂಗಳ ಕೊನೆಯ ವಾರದ ಅಡುಗೆಮನೆ ಲೆಕ್ಕ
ಇದಕ್ಕೆ ಹೇಳಿಕೊಟ್ಟವರು ಯಾರು?

ಅದನ್ನು ಇದರಿಂದ ಭಾಗಿಸಿದರೆ ಸೊನ್ನೆ ಬಿಂದು ಒಂಬತ್ತು ಒಂದು.
ಒಂದಕ್ಕಿಂತ ಕೆಳಗಿದ್ದರೆ
ಹೆರಿಗೆನೋವಿನಲ್ಲಿ ಕೂಸಿಗೆ ಉಸಿರು ಸಾಲದೆ ಹೋಗಬಹುದು.
ಬಹುದು.
ಇಪ್ಪತ್ತು ವರ್ಷದಿಂದ ಈ ಮೂರಕ್ಷರದ ಸಂಬಳ ಉಣ್ಣುತ್ತಿದ್ದೇನೆ.

"ಎಂತ ಕಾಣ್ತದೆ ಬಾಯಿ?" ಅತ್ತೆ ಮಂಕಾಳಿ ತಾಂಡೇಲ,
ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಆತುಕೊಂಡು.
ಹೇಳಿದೆ: ಈಗ ಚೆನ್ನಾಗಿದೆ.
ಆದರೆ ಪ್ರತಿ ನೋವಿಗೂ ಗರ್ಭಕೋಶ ಮುಷ್ಟಿ ಬಿಗಿಯುತ್ತದೆ,
ಒಂದು ನಿಮಿಷ ದಾರಿ ಮುಚ್ಚುತ್ತದೆ.
ಉಳಿದ ಕೂಸುಗಳು ಕೂಡಿಟ್ಟದ್ದರಲ್ಲಿ ತಡೆದುಕೊಳ್ಳುತ್ತವೆ.
ಇದರ ಗಂಟು ಸಣ್ಣದು.

ಅವಳು ಪರದೆಯನ್ನೇ ನೋಡಿದಳು, ಬಹಳ ಹೊತ್ತು.
"ಅಂದ್ರೆ ಅಳಿವೆ ದಾಟೂದ್ರಲ್ಲಿ ಅದೆ ಅಂತೀರಿ.
ಹೊಳೆ ಒಳಗೆ ಇರೂತನಕ ಎಲ್ಲ ದೋಣಿನೂ ಗಟ್ಟಿಯೇ."

ವರದಿಯಲ್ಲಿ ಬರೆದೆ: ಎದೆಬಡಿತದ ಮೇಲೆ ಬಿಡದೆ ಕಣ್ಣಿಡಿ.
ಥಿಯೇಟರ್ ಸಿದ್ಧವಿರಲಿ.
ಬೈತಖೋಲ ಬಂದರಿನವನು ಗಾಳಿಗೆ ಮುನ್ನ
ಬಾವಟೆ ಏರಿಸಿ ಒಳಗೆ ಹೋಗಿ ಕೂರುವ ಹಾಗೆ
ಸಹಿ ಹಾಕಿ ಮುಂದಿನವಳನ್ನು ಕರೆದೆ.

ಜುಲೈನಲ್ಲಿ ಅಲಿಗದ್ದೆಯ ಹುಡುಗಿಯೊಬ್ಬಳು ಬಂದಿದ್ದಳು.
ಅಂಕಿಗಳೆಲ್ಲ ಅಂದವಾಗಿದ್ದವು.
"ಸಾಮಾನ್ಯ" ಎಂದು ಬರೆದದ್ದು ನನ್ನದೇ ಕೈ.
ಆಮೇಲಿನ ರಾತ್ರಿಯ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ,
ಅವಳೂ ಕೇಳಲಿಲ್ಲ.
ಕೇಳಿದ್ದರೆ ಚೆನ್ನಾಗಿತ್ತು.

ಮೂರನೇ ದಿನ ಶೇವಂತಿಗೆ ನೋವು ಬಂತು.
ಅರಿವಳಿಕೆಯ ಡಾಕ್ಟರ್ ರಾತ್ರಿಯಿಡೀ ಎದ್ದೇ ಇದ್ದರಂತೆ,
ಐದು ಲೋಟ ಚಹಾ, ಒಂದು ಜಗಳ.
ಎರಡು ಸಲ ಬಡಿತ ಇಳಿಯಿತು, ಎರಡು ಸಲವೂ ಏರಿತು.
ನಾಲ್ಕೂ ಇಪ್ಪತ್ತಕ್ಕೆ, ಇಳಿತದ ಹೊತ್ತಿಗೆ,
ಯಾರನ್ನೂ ಕಾಯದೆ ತಾನೇ ಹೊರಬಂತು.
ಎರಡು ಕಿಲೋ ನೂರಾ ಎಂಬತ್ತು. ಅತ್ತಿತು.
ತೆರೆದಿಟ್ಟ ಕತ್ತರಿಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟರು.
"ಸುಮ್ಮನೆ ಹೆದರಿಸ್ತೀರಿ ನೀವು" ಎಂದರು ಲೇಬರ್ ವಾರ್ಡಿನ ಸಿಸ್ಟರ್
ಫೋನಿನಲ್ಲಿ, ಆಕಳಿಸುತ್ತ.

ವಾರ ಕಳೆದು ಮಂಕಾಳಿ ಬಂದಳು. ಬಾಗಿಲಲ್ಲೇ ನಿಂತಳು.
"ಬಾವಟೆ ಏರಿಸಿದ ದಿನ ಗಾಳಿ ಬರದಿದ್ರೆ
ಬಂದರಿನವನಿಗೆ ಬೈತೇವೆ ಬಾಯಿ, ಬಂಗಡೆ ಹೋಯ್ತಲ್ಲ ಅಂತ.
ಬೈದು, ಮನೇಲಿ ಉಂಡು, ಗಂಡಸರ ಪಕ್ಕ ಮಲಗ್ತೇವೆ.
ಅದ್ಕೇ ಬಂದೆ, ಬೈದು ಹೋಗುವಾ ಅಂತ."

ಬೈದಳು. ಎರಡೇ ಮಾತು, ಕೊಂಕಣಿಯಲ್ಲಿ.
ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ಮಂದಿ.